ಫೋನ್ ಎತ್ತಿದ ನಾಲ್ಕು ಜನ

(ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ, ಕೆಲಸ ಕಳೆದುಕೊಂಡವರು ಮತ್ತು ಕೆಲಸ ಹುಡುಕುತ್ತಿರುವವರ ಮುಂದೆ ಆಡಿದ ಮಾತು. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಮುಂದೆ ಬನ್ನಿ, ಜಾಗ ಇದೆ. ನಮ್ಮೂರಲ್ಲಿ ಯಾವ ಸಭೆಗೆ ಹೋದರೂ ಮೊದಲ ಎರಡು ಸಾಲು ಖಾಲಿ. ಅತಿಥಿಗಳಿಗೆ ಅಂತ ಬಿಟ್ಟಿರುತ್ತೇವೆ. ಇವತ್ತು ಅತಿಥಿ ನಾನೊಬ್ಬಳೇ, ನಾನು ನಿಂತಿದ್ದೇನೆ. ಬನ್ನಿ.

2023ರ ಜನವರಿಯಲ್ಲಿ ನನ್ನ ಕೆಲಸ ಹೋಯಿತು. ಬೆಂಗಳೂರಿನ ಒಂದು ಕಂಪನಿ. ಅಲ್ಲಿ ಹನ್ನೊಂದು ವರ್ಷ ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿದ್ದೆ. ಬೆಳಿಗ್ಗೆ ಹತ್ತೂವರೆಗೆ ವಿಡಿಯೋ ಕಾಲ್. ಹತ್ತೂಮುಕ್ಕಾಲಿಗೆ ಲ್ಯಾಪ್‌ಟಾಪ್ ಲಾಗಿನ್ ಬಂದ್. ಆ ಹದಿನೈದು ನಿಮಿಷದಲ್ಲಿ ಎಚ್‌ಆರ್ ಹುಡುಗಿ ಒಂದು ಕಾಗದ ಓದಿದಳು. ಆ ಕಾಗದ ಬರೆದುಕೊಟ್ಟವಳು ನಾನೇ. ಆರು ತಿಂಗಳ ಹಿಂದೆ ಬೇರೆಯವರನ್ನು ತೆಗೆಯುವಾಗ ಬರೆದದ್ದು. "ಈ ತೀರ್ಮಾನ ನಿಮ್ಮ ಸಾಮರ್ಥ್ಯದ ಮೇಲಿನ ಮಾತಲ್ಲ" ಅನ್ನೋ ಸಾಲು ನನ್ನದು. ಬರೆಯುವಾಗ ಚೆನ್ನಾಗಿದೆ ಅನ್ನಿಸಿತ್ತು. ಕೇಳುವ ಜಾಗದಲ್ಲಿ ಕೂತಾಗ ಅದು ಎಂಥ ಸಾಲು ಅಂತ ಗೊತ್ತಾಯಿತು.

ಆ ಸಂಜೆ ಒಂದು ನೋಟ್‌ಬುಕ್ ತೆಗೆದು ಹೆಸರು ಬರೆದೆ. ಸಂಪಾದಕರು, ಏಜೆನ್ಸಿಯವರು, ದೊಡ್ಡ ಕಂಪನಿಗಳ ಮ್ಯಾನೇಜರ್‌ಗಳು. ಒಟ್ಟು 31 ಹೆಸರು. ಹಿಂದಿನ ವಾರದವರೆಗೂ ಇವರೆಲ್ಲ ಒಂದೇ ರಿಂಗಿಗೆ ಫೋನ್ ಎತ್ತುತ್ತಿದ್ದರು. ಎರಡು ದಿನ ಕೂತು ಎಲ್ಲರಿಗೂ ಮಾಡಿದೆ. ಎತ್ತಿದವರು ನಾಲ್ಕು ಜನ.

ಉಳಿದ 27 ಜನರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾತಾಡುತ್ತಿದ್ದದ್ದು ಕಂಪನಿಯ ಜೊತೆ, ನಾನು ನಡುವೆ ಇದ್ದೆ ಅಷ್ಟೆ. ಆದರೆ ಈ ನಾಲ್ಕು ಜನ ಯಾಕೆ ಎತ್ತಿದರು? ಒಬ್ಬರು ಫೋಟೋಗ್ರಾಫರ್. ಫೋಟೋ ಎಲ್ಲಿಗೆ ಕಳಿಸಿದರೂ ಅವರ ಹೆಸರು ಹಾಕಿಯೇ ಕಳಿಸುತ್ತಿದ್ದೆ. ಇನ್ನೊಬ್ಬರು ಪ್ರಿಂಟಿಂಗ್ ಪ್ರೆಸ್ಸಿನವರು. ಅವರ ಬಿಲ್ಲಿನ ಹಿಂದೆ ಬಿದ್ದು ಎರಡು ಸಲ ಪಾಸ್ ಮಾಡಿಸಿಕೊಟ್ಟಿದ್ದೆ. ಮೂರನೆಯವರು ಒಂದು ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಬಂದ ಸುದ್ದಿ ತಿದ್ದಿ ಪುಟಕ್ಕೆ ಹಾಕುವ ಕಡೆ, ಇದ್ದ ಹುಡುಗ. ಒಮ್ಮೆ ನಾನೇ ತಪ್ಪು ಅಂಕಿ ಕಳಿಸಿ, ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ "ತಪ್ಪಾಗಿದೆ, ಪುಟ ಹೋಗುವ ಮುಂಚೆ ತಿದ್ದಿಬಿಡಪ್ಪಾ" ಅಂದಿದ್ದೆ. ಅದನ್ನು ಅವನು ಮರೆತಿರಲಿಲ್ಲ. ನಾಲ್ಕನೆಯವರು ನಮ್ಮೂರಿನ ಒಬ್ಬ ಹಳೆಯ ವರದಿಗಾರರು, ಆಗಲೇ ನಿವೃತ್ತರು. ನಾನು ಹೇಳಿದ್ದೆಲ್ಲ ಕೇಳಿ, "ಅತ್ತು ಮುಗೀತೇನವ್ವಾ? ಮುಗಿದಿದ್ರೆ ಊರಿಗೆ ಬಾ" ಅಂದರು.

ಬಂದೆ.

ಕೆಲಸ ಹೋಗುವುದು ಅಂದರೆ ಏನು ಅಂತ ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಮಿಲ್ಲುಗಳು ಒಂದೊಂದಾಗಿ ನಿಂತಾಗ ಎಷ್ಟೋ ಮನೆಗಳಲ್ಲಿ ಸಂಬಳ ನಿಂತಿತು. ನಮ್ಮ ಮನೆಯೂ ಅದರಲ್ಲಿ ಒಂದು. ಅಪ್ಪಾಜಿ ಸೈಕಲ್ ಹಿಂದೆ ಬಟ್ಟೆ ಗಂಟು ಕಟ್ಟಿಕೊಂಡು ಹದಡಿ, ಲೋಕಿಕೆರೆ, ಆನಗೋಡು ಅಂತ ಸುತ್ತಿದರು. ಸೀರೆ, ಪಂಚೆ, ಟವೆಲ್ಲು. ಎಲ್ಲ ಉದ್ರಿ. ಅವರ ಉದ್ರಿ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಿಆರ್ ಅಂದರೆ ನಮ್ಮೂರಲ್ಲಿ ಎರಡೇ ಅರ್ಥ. ಒಂದು, ದೊಡ್ಡ ಆಸ್ಪತ್ರೆಯಲ್ಲಿ ಕೌಂಟರ್ ಪಕ್ಕ ಕೂತು ಬೆಡ್ ಇದೆಯಾ ಇಲ್ಲವಾ ಅಂತ ಹೇಳುವ ಪಿಆರ್‌ಓ. ಇನ್ನೊಂದು, ನಮ್ಮ ಅವ್ವ ಪಕ್ಕದ ಮನೆಯವರಿಗೆ ಹೇಳಿದ್ದು: "ನಮ್ ಹುಡುಗಿ ಪೇಪರ್‌ನಾಗೆ ಹಾಕ್ಸೋ ಕೆಲ್ಸ ಮಾಡ್ತಾಳೆ." ಅಪ್ಪಾಜಿಗೆ ಮಾತ್ರ ಹೀಗೆ ಹೇಳಿದೆ: ಸರ್ಕಾರಕ್ಕೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಇದೆಯಲ್ಲ, ಅಂಥದ್ದೊಂದು ಇಲಾಖೆ ಇಟ್ಟುಕೊಳ್ಳಲು ಆಗದ ಅಂಗಡಿ, ಶಾಲೆ, ಗಿರಣಿಗಳಿಗೆ ನಾನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ದುಡ್ಡು ಕೊಡ್ತಾರಾ?" ಅಂತ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಎರಡು ವರ್ಷ ಹೋಯಿತು.

ದುಡ್ಡಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಕೈಗೆ ಬಂದದ್ದು ನೋಟಿಸ್ ಅವಧಿಯ ಸಂಬಳ ಮತ್ತು ಗ್ರಾಚ್ಯುಟಿ. ಗ್ರಾಚ್ಯುಟಿ ಲೆಕ್ಕ ನಿಮಗೆ ಗೊತ್ತಿರಲಿ. ಕಾಯಂ ಕೆಲಸದಲ್ಲಿ ಐದು ವರ್ಷ ತುಂಬಿದವರಿಗೆ, ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ಕೇಳದಿದ್ದರೆ ಕೆಲವು ಕಡೆ ನೆನಪೇ ಮಾಡುವುದಿಲ್ಲ, ಕೇಳಿ. ಆ ದುಡ್ಡಿನಲ್ಲಿ ಎಂಟು ತಿಂಗಳ ಮನೆ ಖರ್ಚು ಬೇರೆ ಖಾತೆಗೆ ಹಾಕಿದೆ, ಮುಟ್ಟಲಿಲ್ಲ. ಮಂಡಿಪೇಟೆ ಹತ್ತಿರ ಒಂದು ಅಂಗಡಿಯ ಮಾಳಿಗೆ ಮೇಲೆ ರೂಮು, ತಿಂಗಳಿಗೆ 3,500 ಬಾಡಿಗೆ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್. ಬೆಳಿಗ್ಗೆ ಹತ್ತಾದರೆ ಕೆಳಗೆ ಮೂಟೆ ಇಳಿಸುವ ಸದ್ದು, ಮೆಣಸಿನಕಾಯಿ ಘಾಟು. ಫೋನಿನಲ್ಲಿ ಮಾತಾಡುವಾಗ ಸೀನು ಬರುತ್ತಿತ್ತು. ಆಚೆಯವರು "ಹುಷಾರಿಲ್ವಾ ಮೇಡಂ?" ಅನ್ನುತ್ತಿದ್ದರು. ಪಿಎಫ್ ತೆಗೆದು ಗಾಜಿನ ಬಾಗಿಲು, ಫಾಲ್ಸ್ ಸೀಲಿಂಗ್ ಮಾಡಿಸಿದವರನ್ನು ನೋಡಿದ್ದೇನೆ. ಗಾಜಿನ ಬಾಗಿಲು ನೋಡಿ ಯಾರೂ ಬರಲ್ಲ ಸ್ವಾಮಿ.

ಕಾಗದ ಪತ್ರ ಅಂದರೆ ಹೆದರಬೇಡಿ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಆಗುತ್ತದೆ, ಅದಕ್ಕೆ ಒಂದು ರೂಪಾಯಿ ಶುಲ್ಕವೂ ಇಲ್ಲ. ಸರ್ಕಾರದ್ದೇ ಅನ್ನಿಸುವಂಥ ಸೈಟುಗಳು ಸಾವಿರ, ಎರಡು ಸಾವಿರ ಕೇಳುತ್ತವೆ, ಕೊಡಬೇಡಿ. ನಮ್ಮಂಥ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ಜಿಎಸ್‌ಟಿ ಕಡ್ಡಾಯ. ಅದಕ್ಕೂ ಮುಂಚೆ ನೋಂದಣಿ ಮಾಡಿಸಿದರೆ ಬಿಲ್ಲಿಗೆ 18 ಪರ್ಸೆಂಟ್ ಸೇರಿಸಬೇಕು. ಸಣ್ಣ ಗಿರಾಕಿ ಅಲ್ಲೇ ಓಡಿಹೋಗುತ್ತಾರೆ. ನಾನು ಅವಸರ ಮಾಡಲಿಲ್ಲ.

ಸಂಸ್ಥೆಯ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದು ಜಾಹೀರಾತು ಆಗಿಬಿಡುತ್ತದೆ.

ಮೊದಲ ಗಿರಾಕಿ ಒಂದು ಖಾಸಗಿ ಶಾಲೆ. ವಾರ್ಷಿಕೋತ್ಸವ ಸುದ್ದಿ ಆಗಬೇಕು ಅಂದರು. ಅವರೇ ಬರೆದಿಟ್ಟಿದ್ದ ಪ್ರಕಟಣೆ ಕೊಟ್ಟರು. ಎರಡು ಪುಟ. ಮೊದಲ ಪುಟದ ತುಂಬ "ದಿವ್ಯ ಸಾನ್ನಿಧ್ಯ, ಘನ ಅಧ್ಯಕ್ಷತೆ, ಗೌರವ ಉಪಸ್ಥಿತಿ" ಅಂತ ಹದಿನೇಳು ಹೆಸರು. ಏನಾಯಿತು, ಯಾವತ್ತು ಆಯಿತು ಅನ್ನೋದು ಎರಡನೇ ಪುಟದ ಕೊನೆಗೆ. ಅದನ್ನೂ ಕಾಗದದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರಂತೆ. ಡೆಸ್ಕಿನಲ್ಲಿ ಕೂತವರು ಫೋಟೋ ನೋಡಿ ಎರಡು ಪುಟ ಟೈಪ್ ಮಾಡುತ್ತಾರಾ? ಅವರ ಮುಂದೆ ಅಂಥವು ನಲವತ್ತು ಬಿದ್ದಿರುತ್ತವೆ.

ಶಾಲೆಯ ಕಾರ್ಯದರ್ಶಿಗಳ ಜೊತೆ ಅರ್ಧ ದಿನ ಕೂತೆ. ಮಾತಿನ ನಡುವೆ ಅವರು ಸುಮ್ನೆ ಒಂದು ವಿಷಯ ಹೇಳಿದರು. ಒಂದು ತಾಯಿ, ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು, ತಾನು ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿದ್ದಾಳೆ, ಸಂಜೆ ಹೊತ್ತು ಅಲ್ಲಿನ ಗಣಿತದ ಮೇಷ್ಟ್ರೇ ಪುಕ್ಕಟೆ ಹೇಳಿಕೊಡುತ್ತಾರೆ. "ಸರ್, ಸುದ್ದಿ ಇದು" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಹಂಗಾದ್ರೆ ಸ್ವಾಮಿಗಳ ಹೆಸರು ಎಲ್ಲಿ ಬರುತ್ತೆ?" ಅಂತ ಕೇಳಿದರು. ಆ ತಾಯಿಯ ಒಪ್ಪಿಗೆ ಪಡೆದು ಹನ್ನೆರಡು ಸಾಲು ಬರೆದೆ. ಯೂನಿಕೋಡ್‌ನಲ್ಲಿ ಒಂದು ಪ್ರತಿ, ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿ ಒಂದು ಪ್ರತಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ ಹಾರಿಹೋಗುತ್ತದೆ, ಅದನ್ನು ನಾವೇ ಕೂತು ಸರಿ ಮಾಡಿ ಕೊಟ್ಟರೆ ಡೆಸ್ಕಿನವರು ಕೈ ಮುಗಿಯುತ್ತಾರೆ. ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಬೇಕು, ಇಲ್ಲದಿದ್ದರೆ ಅದು ಕುಗ್ಗಿ ಅಚ್ಚಿನಲ್ಲಿ ಮಸುಕಾಗುತ್ತದೆ. ಫೋನ್ ಮಾಡುವುದಾದರೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಸಂಜೆ ಐದರ ಮೇಲೆ ಮಾಡಿದರೆ ನಿಮ್ಮ ಹೆಸರು ಕೆಟ್ಟ ಕಾರಣಕ್ಕೆ ನೆನಪಿರುತ್ತದೆ.

ಆ ಹನ್ನೆರಡು ಸಾಲು ಮೂರು ಪತ್ರಿಕೆಗಳಲ್ಲಿ ಬಂತು. ನಮ್ಮೂರಿನ ಜನತಾವಾಣಿ ಓದುವ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಬಿಟ್ಟ ಹದಿನೇಳು ಹೆಸರುಗಳಲ್ಲಿ ಇಬ್ಬರು ಮುನಿಸಿಕೊಂಡರು. ನಮ್ಮ ಕಡೆ ವೇದಿಕೆ ಕುಸಿದರೂ ಜನ ಮರೆಯುತ್ತಾರೆ, ಹೆಸರು ಬಿಟ್ಟಿದ್ದು ಮರೆಯಲ್ಲ.

ಇನ್ನು ಕವರ್ ವಿಷಯ, ಸುದ್ದಿ ಹಾಕಲಿ ಅಂತ ವರದಿಗಾರರಿಗೆ ದುಡ್ಡಿಟ್ಟು ಕೊಡುವ ಕವರ್. ನಗಬೇಡಿ, ಎಲ್ಲರಿಗೂ ಗೊತ್ತಿರೋದೇ. ಹೊಸ ಗಿರಾಕಿಯ ಮೊದಲ ಪ್ರಶ್ನೆ ಯಾವಾಗಲೂ ಅದೇ: "ಮೇಡಂ, ಕವರ್‌ನಲ್ಲಿ ಎಷ್ಟಿಡಬೇಕು?" ನಾನು ಇಡುವುದಿಲ್ಲ. ಇಡುವುದಿಲ್ಲ ಅಂದ ತಕ್ಷಣ ಎದ್ದುಹೋದವರಿದ್ದಾರೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ಒಮ್ಮೆ ಕವರ್ ಕೊಟ್ಟರೆ ಆಮೇಲೆ ಗಿರಾಕಿಗೆ ಬೇಕಾಗುವುದು ಕವರ್ರೇ, ನಾನಲ್ಲ. ಅದನ್ನು ಅವರ ಡ್ರೈವರ್ ಕೂಡ ಕೊಟ್ಟು ಬರಬಹುದು.

ನಿಜವಾದ ಆಸೆ ಬಂದದ್ದು ಬೇರೆ ರೀತಿ. ರೂಮು ಹಿಡಿದು ಎರಡೇ ತಿಂಗಳು, 2023ರ ಮೇ 10ಕ್ಕೆ ವಿಧಾನಸಭೆ ಚುನಾವಣೆ. ಒಬ್ಬ ಅಭ್ಯರ್ಥಿಯ ಕಡೆಯವರು ಮಾಳಿಗೆ ಹತ್ತಿ ಬಂದರು. ಊರು, ಪಕ್ಷ ಹೇಳಲ್ಲ. "ಜಾಹೀರಾತು ಅಂತ ಗೊತ್ತಾಗಬಾರದು, ಸುದ್ದಿ ಇದ್ದಂಗೆ ಇರಬೇಕು. ದಿನಕ್ಕೊಂದು" ಅಂದರು. ಅವರು ಹೇಳಿದ ಮೊತ್ತ ನನ್ನ ಆರು ತಿಂಗಳ ದುಡಿಮೆಗಿಂತ ಜಾಸ್ತಿ. ಕಾಸಿಗೆ ಸುದ್ದಿ ಅನ್ನುವುದು ಇದೇ. ಚುನಾವಣೆ ಹೊತ್ತಿನಲ್ಲಿ ಇದನ್ನು ಹಿಡಿಯಲು ಪ್ರತಿ ಜಿಲ್ಲೆಯಲ್ಲೂ ಒಂದು ಮಾಧ್ಯಮ ಸಮಿತಿ ಇರುತ್ತದೆ. ಸಿಕ್ಕಿಬಿದ್ದರೆ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ಆಗ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ಇತ್ತು. ನನಗೆ ಹೆದರಿಕೆ ಆದದ್ದು ಸಮಿತಿಗಲ್ಲ. ಆ ಡೆಸ್ಕಿನ ಹುಡುಗ ನೆನಪಾದ. ನಾಳೆ ನಾನು ಫೋನ್ ಮಾಡಿ "ಇದು ನಿಜವಾದ ಸುದ್ದಿ ಕಣಪ್ಪಾ" ಅಂದರೆ ಅವನು ನಂಬಬೇಕಲ್ಲ? ಬೇಡ ಅಂದೆ. ಮನೆಗೆ ಹೋಗಿ ಹೇಳಿದಾಗ ನಮ್ಮ ಅತ್ತೆಯವರು ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರದ್ದೂ ತಪ್ಪಲ್ಲ, ಆ ತಿಂಗಳು ಮಗನ ಶಾಲೆ ಫೀಸು ಕಟ್ಟಬೇಕಿತ್ತು.

ನಮ್ಮದು ಕಾಲೇಜು, ಆಸ್ಪತ್ರೆಗಳ ಊರು. ಗಿರಾಕಿ ಹುಡುಕುವವರು ಅಲ್ಲಿಗೇ ಹೋಗುತ್ತಾರೆ, ನಾನೂ ಹೋದೆ. ಒಬ್ಬ ಡಾಕ್ಟರ್ "ಜಿಲ್ಲೆಯಲ್ಲೇ ನಂಬರ್ ಒನ್" ಅಂತ ಲೇಖನ ಬರಬೇಕು ಅಂದರು. ವೈದ್ಯರ ನಡವಳಿಕೆಗೆ 2002ರ ನಿಯಮಗಳಿವೆ. ಪ್ರಾಕ್ಟೀಸ್ ಶುರು ಮಾಡಿದೆ, ವಿಳಾಸ ಬದಲಾಯಿತು, ಸ್ವಲ್ಪ ದಿನ ಇರುವುದಿಲ್ಲ, ಇಂಥ ಕೆಲವು ಪ್ರಕಟಣೆ ಬಿಟ್ಟರೆ ರೋಗಿಗಳನ್ನು ಸೆಳೆಯಲು ಡಾಕ್ಟರ್ ತಮ್ಮ ಹೆಸರಿನ ಜಾಹೀರಾತು ಕೊಡುವ ಹಾಗಿಲ್ಲ. ಆದರೆ ಜನರ ಆರೋಗ್ಯದ ವಿಷಯದಲ್ಲಿ ತಮ್ಮ ಹೆಸರಿನಲ್ಲೇ ಪತ್ರಿಕೆಗೆ ಬರೆಯಬಹುದು, ಸ್ವಂತ ಹೊಗಳಿಕೆ ಇರಬಾರದು ಅಷ್ಟೆ. ಅವರಿಗೆ ಇದು ಗೊತ್ತಿರಲಿಲ್ಲ. ಭದ್ರಾ ನಾಲೆ ನೀರು ಬಿಟ್ಟು ಭತ್ತದ ನಾಟಿ ಶುರುವಾಗುವ ಹೊತ್ತಿಗೆ ಹಾವು ಕಡಿದರೆ ಮೊದಲ ಒಂದು ಗಂಟೆ ಏನು ಮಾಡಬೇಕು, ಏನು ಮಾಡಬಾರದು ಅಂತ ಬರೆಸಿದೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ. ಆ ಲೇಖನವನ್ನು ಒಂದು ಸೊಸೈಟಿಯಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿದ್ದು ನಾನೇ ನೋಡಿದೆ. ನಂಬರ್ ಒನ್ ಲೇಖನವನ್ನು ಯಾರು ಅಂಟಿಸುತ್ತಿದ್ದರು?

ಈಗ ಗಿರಣಿ ಕತೆ. ಇದನ್ನು ಹೇಳಲೆಂದೇ ಬಂದದ್ದು.

2024ರ ಯುಗಾದಿ ಕಳೆದು ಸ್ವಲ್ಪ ದಿನ. ರಾತ್ರಿ ಎಂಟಕ್ಕೆ ಒಬ್ಬ ಅಕ್ಕಿ ಗಿರಣಿ ಸಾಹುಕಾರರ ಫೋನ್. ಬಾಯ್ಲರ್‌ಗೆ ಭತ್ತದ ಹೊಟ್ಟು ಉರಿಸುತ್ತಾರಲ್ಲ, ಅದರ ಬೂದಿ ಪಕ್ಕದ ಓಣಿಯ ಮೇಲೆ ಬೀಳುತ್ತಿದೆ. ಓಣಿಯವರು ಪತ್ರಿಕೆಗೆ ಹೋಗಿದ್ದಾರೆ. "ನಾಳೆ ಬರ್ತೈತಂತೆ. ನಿಲ್ಲಿಸ್ರಿ. ಎಷ್ಟಾದ್ರೂ ಕೊಡ್ತೀನಿ." ನಿಲ್ಲಿಸುವುದು ನನ್ನ ಕೆಲಸ ಅಲ್ಲ ಅಂದೆ. ವರದಿಗಾರರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿದೆ, "ಮಾಲೀಕರ ಮಾತೂ ಬೇಕಲ್ವಾ ನಿಮಗೆ? ನಾಳೆ ಹತ್ತು ಗಂಟೆಗೆ ಅವರು ಓಣಿಯಲ್ಲೇ ಸಿಗುತ್ತಾರೆ." ಅವರು ಒಂದು ದಿನ ತಡೆದರು.

ಬೆಳಿಗ್ಗೆ ಸಾಹುಕಾರರನ್ನು ಕಾರಿನಿಂದ ಇಳಿಸಿ ಓಣಿಯಲ್ಲಿ ನಡೆಸಿದೆ. ಬೇಸಿಗೆ, ಮಾಳಿಗೆ ಮೇಲೆಲ್ಲ ಸಂಡಿಗೆ ಹಾಕಿದ್ದರು. ಒಬ್ಬ ಅಜ್ಜಿ ಬೈಯಲಿಲ್ಲ, ಕೂಗಲಿಲ್ಲ. ಒಳಗೆ ಹೋಗಿ ಒಂದು ಸಂಡಿಗೆ ಕರಿದು ತಂದು ಸಾಹುಕಾರರ ಕೈಗೆ ಕೊಟ್ಟಳು. "ತಿಂದು ನೋಡಪ್ಪ" ಅಂದಳು. ಬಿಳಿ ಸಂಡಿಗೆ ಮೇಲೆ ಕರಿ ಚುಕ್ಕೆ. ಅವರು ಬಾಯಿಗೆ ಹಾಕಿಕೊಂಡರು. ಹಲ್ಲಿನಲ್ಲಿ ಬೂದಿ ಕರಕರ ಅಂದದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಉಗುಳುವ ಹಾಗಿಲ್ಲ, ಎದುರಿಗೆ ಅಜ್ಜಿ. ನುಂಗಿದರು.

ವರದಿಗಾರರ ಮುಂದೆ ಏನು ಹೇಳಬೇಕು ಅಂತ ನಾನು ಕಾಗದದಲ್ಲಿ ಬರೆದುಕೊಟ್ಟಿದ್ದೆ. ಅವರು ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಹೌದು, ನಮ್ಮದೇ ಬೂದಿ. ಬೂದಿ ಹಿಡಿಯೋ ಯಂತ್ರ ಕೆಟ್ಟು ಎರಡು ತಿಂಗಳಾತು. ಸೀಸನ್ ಅಂತ ಮುಂದೂಡಿದೆ. ಇವತ್ತಿನಿಂದ ಬಾಯ್ಲರ್ ನಿಲ್ಲಿಸ್ತೀನಿ. ಹದಿನೈದು ದಿನ ಕೊಡ್ರಿ" ಅಂದರು. ಮರುದಿನ ಸುದ್ದಿ ಬಂತು. ತಲೆಬರಹ ಕೆಟ್ಟದಾಗಿಯೇ ಇತ್ತು. ಆದರೆ ಮೂರನೇ ಪ್ಯಾರಾದಲ್ಲಿ ಅವರ ಮಾತು ಇದ್ದ ಹಾಗೇ ಇತ್ತು. ಹದಿನೈದನೇ ದಿನಕ್ಕೆ ರಿಪೇರಿ ಮುಗಿಯಲಿಲ್ಲ, ಹೊರಗಿನಿಂದ ಒಂದು ಭಾಗ ಬರಬೇಕಿತ್ತು. ಸಾಹುಕಾರರು "ಸುಮ್ನಿರ್ರಿ, ಯಾರು ಲೆಕ್ಕ ಇಟ್ಟಿರ್ತಾರೆ" ಅಂದರು. ಓಣಿಯವರು ಇಟ್ಟಿರುತ್ತಾರೆ ಅಂತ ಹೇಳಿ, ಅವತ್ತೂ ಕರೆದುಕೊಂಡು ಹೋಗಿ, ಇನ್ನೂ ಒಂದು ವಾರ ಬೇಕು ಅಂತ ಅವರ ಬಾಯಿಂದಲೇ ಹೇಳಿಸಿದೆ.

ಇದು ನನ್ನ ಬುದ್ಧಿ ಅಲ್ಲ, ನೂರು ವರ್ಷಕ್ಕಿಂತ ಹಳೆಯದು. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ಒಂದು ರೈಲು ಸೇತುವೆಯಿಂದ ನೀರಿಗೆ ಬಿತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅಲ್ಲಿನ ರೈಲ್ವೆ ಕಂಪನಿಗಳ ಅಭ್ಯಾಸ. ಐವಿ ಲೀ ಅನ್ನುವವರು ಕಂಪನಿಗೆ ಸಲಹೆಗಾರ, ಮೊದಲು ಪತ್ರಕರ್ತರಾಗಿದ್ದವರು. ಪತ್ರಕರ್ತರು ಕೇಳುವ ಮುಂಚೆಯೇ ನಡೆದದ್ದನ್ನು ಬರೆದು ಅವರೇ ಹಂಚಿಸಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದ ಹಾಗೇ ಅಚ್ಚು ಹಾಕಿತು. ಮೊದಲ ಪತ್ರಿಕಾ ಪ್ರಕಟಣೆ ಅದೇ ಅಂತ ನಮ್ಮ ಕಸುಬಿನವರು ಹೇಳುತ್ತಾರೆ. ಅದೇ ಲೀ ಮುಂದೆ, 1914ರಲ್ಲಿ ಲಡ್ಲೋ ಅನ್ನುವಲ್ಲಿ ಗಣಿ ಕಾರ್ಮಿಕರ ಕುಟುಂಬಗಳು ಸತ್ತಾಗ, ಮಾಲೀಕರ ಪರ ಸುಳ್ಳು ಸೇರಿಸಿ ಬರೆದು ಹೆಸರು ಕೆಡಿಸಿಕೊಂಡರು. ಎರಡೂ ಒಬ್ಬನೇ ಮನುಷ್ಯ ಮಾಡಿದ್ದು. ನನ್ನ ಟೇಬಲ್ ಮೇಲೆ ಅವರ ಫೋಟೋ ಇಡದಿರುವುದಕ್ಕೆ ಅದೇ ಕಾರಣ.

ಉದ್ರಿ ಮರೆತೆ ನೋಡಿ. ಅಪ್ಪಾಜಿಯ ಪುಸ್ತಕದಲ್ಲಿ ಒಂದೊಂದು ಹೆಸರಿನ ಮುಂದೆ "ಸುಗ್ಗಿಗೆ" ಅಂತ ಬರೆದಿರುತ್ತದೆ. ನನ್ನ ಗಿರಾಕಿಗಳೂ ಹಾಗೇ. "ಮೆಕ್ಕೆಜೋಳ ಬರ್ಲಿ ಮೇಡಂ", "ಅಡಿಕೆ ಮಾರಿದ ಮೇಲೆ". ಒಬ್ಬರಿಂದ ಏಳು ತಿಂಗಳ ಬಾಕಿ. ನಾಚಿಕೆ ಬಿಟ್ಟು ಕಾನೂನು ಓದಿದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ ಇರುವ ನಮ್ಮಂಥ ಸಣ್ಣವರಿಗೆ ಬರವಣಿಗೆಯ ಒಪ್ಪಂದ ಇದ್ದರೂ ಜಾಸ್ತಿ ಅಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಹಾಗಂತ ಊರಿನವರ ಮೇಲೆ ದೂರು ಕೊಡೋಕೆ ಆಗುತ್ತಾ? ಮತ್ತೆ ಮದುವೆ ಮನೆಯಲ್ಲಿ ಎದುರಿಗೆ ಸಿಗುತ್ತಾರೆ. ಕೆಲಸಕ್ಕೆ ಬಂದದ್ದು 2023ರ ಬಜೆಟ್‌ನಲ್ಲಿ ಸೇರಿಸಿದ ಇನ್ನೊಂದು ನಿಯಮ. ಆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಕೊಡುವವರೆಗೂ ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ನಾನು ಆ ಗಿರಾಕಿಗೆ ಫೋನ್ ಮಾಡಲಿಲ್ಲ, ಅವರ ಆಡಿಟರ್‌ಗೆ ಬಿಲ್ಲು ಮತ್ತು ಉದ್ಯಮ್ ನಂಬರ್ ಕಳಿಸಿದೆ. ಮಾರ್ಚ್ 28ಕ್ಕೆ ದುಡ್ಡು ಬಂತು, ಜೊತೆಗೆ ಒಂದು ನಮಸ್ಕಾರದ ಎಮೋಜಿ.

ಇವತ್ತು ತಿಂಗಳಿಗೆ ಇಷ್ಟು ಅಂತ ಕೊಡುವ ಗಿರಾಕಿ ಒಂಬತ್ತು. ಬೆಂಗಳೂರಿನ ಸಂಬಳದ ಮುಕ್ಕಾಲು ಭಾಗಕ್ಕೆ ಬಂದಿದ್ದೇನೆ. ಇನ್ನೂ ಪೂರ್ತಿ ಮುಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಕೈ ಎತ್ತಿದವರು ಕೊನೆಯ ಸಾಲಿನ ಒಬ್ಬ ಹಿರಿಯರು. ಕೆಲಸ ಹುಡುಕಿಕೊಂಡು ಬಂದವರಲ್ಲ, ಮಗನ ಜೊತೆ ಬಂದವರು. ಮಂಡಕ್ಕಿ ಭಟ್ಟಿ ಇಟ್ಟಿದ್ದಾರೆ.

"ತಂಗೀ, ನನ್ ಭಟ್ಟಿ ಪೇಪರ್‌ನಾಗೆ ಹಾಕಿಸ್ತೀಯಾ?"

"ಹಾಕಿಸೋದು ನನ್ನ ಕೈಲಿಲ್ಲ ಅಣ್ಣಾರೆ. ಹೊಸದು ಏನಿದೆ ಹೇಳಿ."

ಅವರು ಯೋಚಿಸಿದರು. "ಹೊಸದೇನಿಲ್ಲವ್ವ. ಅದೇ ಭತ್ತ, ಅದೇ ಉಪ್ಪು, ಅದೇ ಉಸುಕು. ಬೆಳಗಿನ ಜಾವ ಮೂರಕ್ಕೆ ಒಲೆ ಹಚ್ತೀನಿ. ಈಗ ಕಣ್ಣು ಸರಿಯಾಗಿ ಕಾಣಲ್ಲ. ಉಸುಕು ಕಾದಿದ್ದು ವಾಸನೆ ಮೇಲೆ ಗೊತ್ತಾಗ್ತತಿ."

ಮಗ ಅವರ ಅಂಗಿ ಎಳೆದು ಕೂರಿಸಲು ನೋಡುತ್ತಿದ್ದ. ನಾನು ನೋಟ್‌ಬುಕ್ ತೆಗೆದು, ನಾಳೆ ಮೂರಕ್ಕೇ ಬರಲಾ, ಸ್ವಲ್ಪ ಮುಂಚೆ ಬರಲಾ ಅಂತ ಕೇಳಿದೆ.

"ಎರಡೂವರೆಗೆ ಬಾ. ಚಾ ಕುಡ್ದು ಹಚ್ಚೋಣ."